ಸದ್ದಿಗಿಂತ ಮೊದಲು

ನಾನೂ ಸಂಗಪ್ಪನೂ ಪರೇಲಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾಗ, ೧೯೫೩ರಲ್ಲಿ ನಡೆದದ್ದು ಇದು. ಅವನು ಹಳೆ ಸಾಮಾನಿನ ಚೋರ್ ಬಜಾರಿನಿಂದ ಯುದ್ಧಕಾಲದ ಕೆಟ್ಟ ಆಸಿಲೋಸ್ಕೋಪ್ ಒಂದನ್ನು ತಂದಿದ್ದ. ಮೈಕಿನ ಮುಂದೆ ಮಾತಾಡಿದರೆ ಅದರ ಗಾಜಿನ ಮೇಲಿನ ಹಸಿರು ಗೆರೆ ಕುಣಿಯಬೇಕು. ಕುಣಿಯುತ್ತಿತ್ತು, ಆದರೆ ನಾವು ಬಾಯಿ ತೆರೆಯುವ ಮೊದಲೇ. ಹಳೆಯ ರೇಡಿಯೋಗಳಿಂದ ಕಿತ್ತ, ಬಲ್ಬಿನಂಥ ಗಾಜಿನ ವಾಲ್ವುಗಳನ್ನು ಹಾಕಿದೆವು. ಅವು ಉರಿಯುತ್ತಿದ್ದರೂ ಮುಟ್ಟಿದರೆ ತಣ್ಣಗಿದ್ದವು.

“ಎಲ್ಲಾ ಬದಲಿ ಮಾಡೀವಿ, ಬಿ.ಎಸ್ಸಿ. ಸಾಹೇಬ್ರ. ಇನ್ನ ನಿಮ್ಮ ತಲಿ ಒಂದ ಉಳದೈತಿ,” ಎಂದ ಸಂಗಪ್ಪ. ಒಂದು ಕಾಲೇಜಿನವರು ಅಂದು ಸಂಜೆ ಅದನ್ನು ಕೊಳ್ಳಲು ಬರುವವರಿದ್ದರು. ಆ ಮಾರಾಟ ತಪ್ಪಿದರೆ ಅಂಗಡಿಗೆ ಬೀಗ.

ಆಗ ಗೆರೆ ಗಾಜಿನ ಅಂಚಿನವರೆಗೂ ಚಿಮ್ಮಿತು. ಮಿಲ್ಲಿನ ಸೈರನ್ನು, ಆ ಭೋಂಗಾ, ಕೂಗಿದಾಗಲೂ ಅದು ಅಷ್ಟು ಎತ್ತರ ಹೋಗಿರಲಿಲ್ಲ. ಆ ಸದ್ದಿಗಾಗಿ ಕಾದೆವು. ಏನೂ ಕೇಳಿಸಲಿಲ್ಲ.

ಕಾಲೇಜಿನವರು ಬಂದರು. “ಆ ಸದ್ದು ಇದು ಇದ್ದಲ್ಲೇ ಬರತೈತಿ. ಅಲ್ಲಿ ಹುಡುಗ್ರು ಇರ್ತಾವ್ರೀ, ಕೊಡೂದಿಲ್ಲ,” ಎಂದ ಸಂಗಪ್ಪ.

ಅಂಗಡಿ ಮುಚ್ಚಿತು. ಆ ಸದ್ದು ಇನ್ನೂ ಬಂದಿಲ್ಲ.