ಅವನ ಹೆಸರಿನಲ್ಲಿದ್ದ ನಂಬರ್

"ನಿಮ್ಮ ಹತ್ತಿರ ಆ ಸಿಮ್ ಇನ್ನೂ ಇದೆಯಾ?"

ಎರಡು ವರ್ಷದ ಮೇಲೆ ಎದುರು ನಿಂತವಳು ಕೇಳಿದ ಮೊದಲ ಮಾತು ಇದು. ಸಲಾಮ್ ಇಲ್ಲ, ಹೇಗಿದ್ದೀರಿ ಅನ್ನುವುದೂ ಇಲ್ಲ.

ರವೂಫ್ ಮಂಚದ ತಲೆಹಲಗೆಗೆ ಪಾಲಿಶ್ ಉಜ್ಜುತ್ತಿದ್ದ. ಬಟ್ಟೆಯ ಉಂಡೆ ಹಿಡಿದ ಕೈ ಹಾಗೇ ನಿಂತಿತು. ಮರಗೆಲಸಕ್ಕೆ ಹೆಸರಾದ ದುಮ್ಯಾತ್‌ನ ಆ ಗಲ್ಲಿಯಲ್ಲಿ ಗರಗಸದ ಸದ್ದು ನಿಲ್ಲುವುದು ಶುಕ್ರವಾರ ಮಾತ್ರ. ಅವತ್ತು ಸೋಮವಾರವಾದರೂ ನಿಂತಿತು. ಅಕ್ಕಪಕ್ಕದ ಬಡಗಿಗಳೆಲ್ಲ ಕತ್ತು ಚಾಚಿದರು. ನಿಶ್ಚಿತಾರ್ಥ ಮುರಿದುಕೊಂಡ ಹುಡುಗಿ ತಾನಾಗಿಯೇ ಹುಡುಗನ ಕಾರ್ಖಾನೆಗೆ ಬರುವುದು ದಿನಾ ಸಿಗುವ ನೋಟವಲ್ಲ.

"ಇದೆ," ಎಂದ ರವೂಫ್.

ಶುರೂಕ್‌ಗೆ ಆ ಒಂದೇ ಮಾತು ಬೇಕಿತ್ತು. 'ಇದೆಯಂತೆ... ದೇವರೇ, ಇದೆಯಂತೆ.' ಮುಖದಲ್ಲಿ ಮಾತ್ರ ಏನೂ ತೋರಗೊಡಲಿಲ್ಲ.

"ಅದಕ್ಕೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತೆ. ಅದನ್ನ ಓದಿ ಹೇಳಿದ್ರೆ ಸಾಕು. ಆಮೇಲೆ ನಿಮಗೆ ತೊಂದರೆ ಕೊಡಲ್ಲ."

ಅವನು ಕೈ ಒರೆಸಿಕೊಂಡು ಬಾಗಿಲಿಗೆ ಬಂದ. ಉಗುರಿನ ಸಂದಿಯಲ್ಲೆಲ್ಲ ಅರಗಿನ ಕೆಂಪು. ಮೊದಲಿಗಿಂತ ಇಳಿದುಹೋಗಿದ್ದ.

"ಇಲ್ಲಿ ಹೇಳಲ್ಲ. ಬೀದಿಯಲ್ಲಿ ನಿಂತು ಹೇಳಿದ್ರೆ ನಾಳೆ ಮತ್ತೆ ನಾನೇ ನಿನ್ನ ಖಾತೆಯೊಳಗೆ ನುಗ್ಗಿದೆ ಅಂತೀಯ. ಆ ಮಾತು ಒಂದು ಸಲ ಕೇಳಿದ್ದೀನಿ, ಸಾಕು. ನಾಳೆ ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ನಿಮ್ಮನೆಗೇ ಬರ್ತೀನಿ. ನಿಮ್ಮಪ್ಪ, ನಿಮ್ಮಮ್ಮ ಇಬ್ಬರೂ ಎದುರಿಗಿರಲಿ."

"ಅಮ್ಮ ನಿಮ್ಮನ್ನ ಹೊಸಿಲು ದಾಟಿಸ್ತಾಳಾ?"

"ದಾಟಿಸದಿದ್ರೆ ಬೇರೆ ದಾರಿ ನೋಡ್ಕೋ."

ಬೇರೆ ದಾರಿ ಇದ್ದಿದ್ದರೆ ಅವಳು ಇಲ್ಲಿಗೇಕೆ ಬರುತ್ತಿದ್ದಳು?

ಶುರೂಕ್‌ಳ ತಂದೆ ಉಸ್ತಾ ಸಬ್ರಿ ಮರ ಕೆತ್ತುವವರು; ಕಸುಬಿನ ಗುರುವೆಂದು ಎಲ್ಲರೂ 'ಉಸ್ತಾ' ಎನ್ನುತ್ತಿದ್ದರು. ಕಾಗದದ ಮೇಲೆ ಒಂದು ಗೆರೆ ಎಳೆದವರಲ್ಲ. ಬೀಚ್ ಎಂಬ ಗಟ್ಟಿ ಮರದ ಹಲಗೆಯನ್ನು ಒಮ್ಮೆ ಸವರಿ ನೇರವಾಗಿ ಉಳಿ ಇಡುವ ಕೈ. ಕೆತ್ತಿದ್ದೆಲ್ಲ ಕುರ್ಚಿಯಾಗಿ ಮಂಚವಾಗಿ ಎಲ್ಲೆಲ್ಲಿಗೋ ಹೋಗಿಬಿಡುತ್ತಿತ್ತು. ಹಾಗೆ ಹೋಗುವ ಮೊದಲು ಮಗಳು ಒಂದೊಂದರ ಫೋಟೋ ತೆಗೆದು ಅಂತರ್ಜಾಲದ ತನ್ನ ಪುಟದಲ್ಲಿ ಹಾಕುತ್ತಿದ್ದಳು.

ಆ ಪುಟವನ್ನು ತೆರೆದುಕೊಟ್ಟವನೇ ರವೂಫ್. ನಿಶ್ಚಿತಾರ್ಥದ ಚಿನ್ನದ ಜೊತೆ ಒಂದು ಫೋನನ್ನೂ ಕೊಟ್ಟಿದ್ದ. ಸಿಮ್ ಅವನ ಹೆಸರಿನಲ್ಲಿತ್ತು; ಪುಟದ ಖಾತೆ ತೆರೆದದ್ದೂ ಆ ನಂಬರಿನ ಮೇಲೆಯೇ. ನಮ್ಮಲ್ಲಿ ಗಂಡು ಹಾಗೆಯೇ ಕೊಡುವುದು, ಹೆಣ್ಣು ಹಾಗೆಯೇ ತೆಗೆದುಕೊಳ್ಳುವುದು. ನಾಳೆ ಮುರಿದುಬಿದ್ದರೆ ಏನು ಗತಿ ಎಂದು ಆ ಸಂಭ್ರಮದಲ್ಲಿ ಯಾರು ಯೋಚಿಸುತ್ತಾರೆ? ಖಾತೆಗೆ ಅವಳ ಹೆಸರನ್ನೂ ಇಡಲಿಲ್ಲ, ಮುಖವನ್ನೂ ಇಡಲಿಲ್ಲ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಇಡುವುದಿಲ್ಲ. 'ಬಡಗಿಯ ಮಗಳು' ಎಂದಷ್ಟೇ ಇಟ್ಟರು.

ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಕೈರೋದಿಂದ ಒಬ್ಬರು, ದೊಡ್ಡ ಪ್ರದರ್ಶನ ಏರ್ಪಡಿಸುವವರು, ಪುಟಕ್ಕೆ ಬರೆದರು. ಉಸ್ತಾರ ಕೆತ್ತನೆಗೆ ಒಂದು ಇಡೀ ಕೋಣೆ ಬಿಟ್ಟುಕೊಡುತ್ತೇವೆ ಎಂದರು. ನಾಲ್ಕನೆಯ ದಿನ ಶುರೂಕ್ ತೆರೆದು ನೋಡಿದರೆ ಅವರಿಗೆ ಒಂದು ಉತ್ತರ ಹೋಗಿತ್ತು.

"ನಾನು ಇವಳ ಗಂಡನಾಗುವವನು. ಇನ್ನೊಮ್ಮೆ ಬರೆದರೆ ನಿನ್ನ ಕೈ ಮುರಿಯುತ್ತೇನೆ."

ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೇ. ಶುರೂಕ್ ನೇರ ರವೂಫ್‌ನ ಮನೆಗೆ ಹೋಗಿ, ಅವನ ತಾಯಿಯ ಎದುರೇ, ನಂಬಿಕೆದ್ರೋಹಿ ಎಂದಳು. ನಾನಲ್ಲ ಎಂದು ಅವನು ಒಂದು ಸಲ ಹೇಳಿದ. ಅವಳು ನಂಬಲಿಲ್ಲ. ಎರಡನೆಯ ಸಲ ಹೇಳುವಷ್ಟು ಬಗ್ಗುವ ಆಳಲ್ಲ ಅವನು. ಇಬ್ಬರ ಕಿವಿ ಹಿಂಡಿ ಕೂರಿಸುವವರು ಅಲ್ಲಿ ಯಾರೂ ಇರಲಿಲ್ಲ.

ಚಿನ್ನ ವಾಪಸ್ ಹೋಯಿತು. ಜೊತೆಗೆ ಫೋನೂ ಹೋಯಿತು. ಸಿಟ್ಟಿನಲ್ಲಿ ಅದರಲ್ಲಿದ್ದುದನ್ನೆಲ್ಲ ಅಳಿಸಿಯೇ ಕಳಿಸಿದ್ದಳು. ಸಿಮ್ ಒಳಗೇ ಉಳಿಯಿತು. ಪಾಸ್‌ವರ್ಡ್ ಬದಲಿಸಿದ್ದಳು, ಹೊಸ ಫೋನಿನಲ್ಲಿ ಅದನ್ನು ಹೊಡೆದರೆ ಪುಟ ತೆರೆಯುತ್ತಿತ್ತಾದ್ದರಿಂದ ಹಳೆಯ ನಂಬರಿನ ನೆನಪೇ ಬರಲಿಲ್ಲ.

ಮೂರು ತಿಂಗಳಿಗೆ ಉಸ್ತಾ ಸಬ್ರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಅರ್ಧ ಹೋಯಿತು. ಶುರೂಕ್ ಉಳಿ ಹಿಡಿದಳು. ಹಾಸಿಗೆಯ ಪಕ್ಕ ಕೂತು ಪುಟದ ಫೋಟೋ ತೆರೆಯುವಳು. ತಂದೆ ಎಡಗೈ ಬೆರಳಿನಿಂದ ಎಲೆಯ ತುದಿ ಎಲ್ಲಿ ತಿರುಗಬೇಕು, ಎಲ್ಲಿ ಆಳ, ಎಲ್ಲಿ ತೆಳು ಎಂದು ತೋರಿಸುವರು. ಹಾಗೆ ಒಂದೂವರೆ ವರ್ಷದಲ್ಲಿ ಅರವತ್ತು ವಿನ್ಯಾಸ ಕಲಿತಿದ್ದಳು. ಇನ್ನೂರಕ್ಕೂ ಹೆಚ್ಚು ಬಾಕಿ ಇದ್ದವು.

ಇಪ್ಪತ್ತನಾಲ್ಕು ದಿನದ ಹಿಂದೆ, ನಿಮ್ಮ ಪುಟ ಅಳಿಸುತ್ತೇವೆ, ಬೇಡವಾದರೆ ಇಲ್ಲಿ ಒತ್ತಿ ಎಂಬ ಸಂದೇಶ ಬಂತು. ಹೆದರಿ ಒತ್ತಿದಳು. ಅದು ಯಾವನೋ ಕಳ್ಳನ ಬಲೆ. ಅವನು ನುಗ್ಗಲು ನೋಡಿದ್ದರಿಂದ ಖಾತೆಗೆ ಬೀಗ ಬಿತ್ತು. ಗುರುತಿನ ಚೀಟಿ ಕಳಿಸಿದರೆ ಹೆಸರು ಹೊಂದುವುದಿಲ್ಲವೆಂದು ಉತ್ತರ ಬಂತು. ಹೇಗೆ ಹೊಂದೀತು? 'ಬಡಗಿಯ ಮಗಳು' ಎಂದು ಯಾವ ಸರ್ಕಾರ ಚೀಟಿ ಕೊಟ್ಟಿದೆ? ಉಳಿದದ್ದು ಒಂದೇ ದಾರಿ, ಹಳೆಯ ನಂಬರಿಗೆ ಬರುವ ಸಂಖ್ಯೆ. ಮೂವತ್ತು ದಿನ ಕಳೆದರೆ ಎಲ್ಲವೂ ಅಳಿಸಿಹೋಗುತ್ತದೆ.

ಅಂದಿನಿಂದ ತಂದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊಟಕ್ಕೂ ತಿರುಗುತ್ತಿರಲಿಲ್ಲ.

ರವೂಫ್ ಬರುತ್ತಾನೆ ಎಂದಾಗ ತಾಯಿ ನಗಾತ್ ಬೆಂಡೆಕಾಯಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. ಊರೆಲ್ಲ ನಗುತ್ತದೆ ಎಂದಳು, ಮುರಿದ ಸಂಬಂಧದವನಿಗೆ ಚಹಾ ಕೊಡುವ ಗತಿ ನಮಗೆ ಬಂದಿಲ್ಲ ಎಂದಳು. ಫೋಟೋ ಹೋದರೆ ಹೋಗಲಿ, ಮಾನ ಉಳಿಯಲಿ ಎಂದೂ ಅಂದಳು.

"ಅಮ್ಮ, ಅಪ್ಪನ್ನ ನೋಡು ಒಂದು ಸಲ," ಎಂದಳು ಶುರೂಕ್.

ನಗಾತ್ ನೋಡಲಿಲ್ಲ. ಮತ್ತೆ ಚಾಕು ಎತ್ತಿಕೊಂಡಳು.

ಮರುದಿನ ಅಸರ್ ಕಳೆದು ರವೂಫ್ ಬಂದ. ಒಗೆದ ಅಂಗಿ ತೊಟ್ಟಿದ್ದ. ಮೊದಲು ಉಸ್ತಾರ ಹಾಸಿಗೆಯ ಹತ್ತಿರ ಹೋಗಿ ಆ ಸತ್ತ ಬಲಗೈಯನ್ನೇ ಎತ್ತಿ ಮುತ್ತಿಟ್ಟ. ಮುದುಕರ ಕಣ್ಣಂಚು ಒದ್ದೆಯಾಯಿತು. ಶುರೂಕ್ ಬೇರೆ ಕಡೆ ನೋಡಿದಳು. 'ನಂಬಿಕೆದ್ರೋಹಿಗೆ ಇದೆಲ್ಲ ಯಾಕೆ ಬರುತ್ತೆ...'

ಅವನು ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. ಅವಳಿಗೆ ಕೊಟ್ಟಿದ್ದ ಅದೇ ಫೋನು.

"ಸಂಖ್ಯೆ ಓದ್ತೀನಿ. ಒಳಗೆ ಹೋದ ಮೇಲೆ ಇನ್ನೊಂದು ಕೆಲಸ ಮಾಡು. ಯಾವ ದಿನ ಯಾವ ಫೋನಿಂದ ಆ ಖಾತೆ ತೆರೆದಿದ್ರು ಅಂತ ಅದರಲ್ಲೇ ಇರುತ್ತೆ. ನನಗೂ ಈಚೆಗೆ ಯಾರೋ ಹೇಳಿದ್ದು. ಆ ಉತ್ತರ ಹೋದ ದಿನ ಯಾರ ಫೋನು ಇತ್ತು ಅಂತ ಎಲ್ಲರ ಮುಂದೆ ಓದು. ಅಷ್ಟೇ ನನ್ನ ಷರತ್ತು."

ಶುರೂಕ್ ತನ್ನ ಫೋನಿನಲ್ಲಿ ಗುಂಡಿ ಒತ್ತಿದಳು. ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು.

"ನಾಲ್ಕು... ಒಂದು... ಒಂಬತ್ತು..." ರವೂಫ್ ಓದತೊಡಗಿದ.

"ನಿಲ್ಲಿಸು."

ನಗಾತ್ ಬಾಗಿಲಲ್ಲಿ ನಿಂತಿದ್ದಳು. ಚಹಾದ ತಟ್ಟೆ ಕೈಯಲ್ಲಿತ್ತು.

"ಓದೋದೇನೂ ಬೇಡ. ಆ ಉತ್ತರ ಹೋಗಿದ್ದು ನನ್ನ ಫೋನಿಂದ."

ಶುರೂಕ್ ತಾಯಿಯ ಕಡೆ ತಿರುಗಿದಳು.

"ಅಪ್ಪನ ಕೆತ್ತನೆ ನೋಡು ಅಂತ ನನ್ನ ಫೋನಲ್ಲಿ ನೀನೇ ಒಂದಿನ ತೆರೆದುಕೊಟ್ಟಿದ್ದೆ. ಮುಚ್ಚೋದು ಮರೆತೆ. ನಾನು ದಿನಾ ನೋಡ್ತಿದ್ದೆ. ಯಾವನೋ ಗಂಡಸು ನಿನಗೆ ಬರೆದಿದ್ದ. ಕೈರೋಗೆ ಬಾ ಅಂತ ಬರೆದಿದ್ದ... ಮದುವೆಗೆ ಎರಡು ತಿಂಗಳಿತ್ತು. ರವೂಫ್ ನೋಡಿದ್ರೆ ಬಿಟ್ಟುಹೋಗ್ತಾನೆ ಅಂತ ಹೆದರಿಕೆಯಾಯ್ತು. ಹೆಂಗಸಿನ ಹೆಸರಲ್ಲಿ ಬೈದ್ರೆ ಆ ಕೈರೋದವನು ಹೆದರ್ತಾನಾ? ಅದಕ್ಕೇ ಇವನ ಹೆಸರಲ್ಲಿ ಬೈದೆ."

"ಅಮ್ಮ," ಎಂದಳು ಶುರೂಕ್. "ನಾನು ಚಿನ್ನ ಬಿಚ್ಚಿಕೊಟ್ಟಾಗ ನೀನು ಪಕ್ಕದಲ್ಲೇ ನಿಂತಿದ್ದೆ."

"ನಿಂತಿದ್ದೆ. ಬಾಯಿ ಬರಲಿಲ್ಲ. ಒಂದು ದಿನ ಬರಲಿಲ್ಲ, ಆಮೇಲೆ ಬರೋದೇ ಇಲ್ಲ ಅದು."

ತಟ್ಟೆಯನ್ನು ಮೇಜಿನ ಮೇಲಿಟ್ಟು ನಗಾತ್ ರವೂಫ್‌ನ ಕಡೆ ತಿರುಗಿದಳು. ಊರಿನಲ್ಲಿ ಯಾರಿಗೂ ತಲೆ ತಗ್ಗಿಸಿದ ಹೆಂಗಸಲ್ಲ ಅವಳು. ಅವತ್ತು ತಗ್ಗಿಸಿದಳು. ತಾನು ಅವನ ಬಾಳು ಹಾಳುಮಾಡಿದೆ, ಬೈಯುವುದಿದ್ದರೆ ಬೈಯಬಹುದು ಎಂದಳು.

ರವೂಫ್ ಬೈಯಲಿಲ್ಲ. ಫೋನು ಎತ್ತಿಕೊಂಡು ಉಳಿದ ಮೂರು ಅಂಕಿ ಓದಿದ.

ಪುಟ ತೆರೆಯಿತು.

ಮೊದಲು ಕಂಡದ್ದು ಒಂದು ಕುರ್ಚಿಯ ಬೆನ್ನು, ಅದರ ತುಂಬ ದ್ರಾಕ್ಷಿಯ ಬಳ್ಳಿ. ಶುರೂಕ್ ಅದನ್ನು ತಂದೆಯ ಮುಖದ ಹತ್ತಿರ ಹಿಡಿದಳು. ಉಸ್ತಾ ಸಬ್ರಿ ಗೋಡೆಯಿಂದ ತಿರುಗಿದರು. ಎಡಗೈ ಬೆರಳು ಮೆಲ್ಲಗೆ ಎದ್ದು ಬಳ್ಳಿಯ ಮೊದಲ ತಿರುವಿನ ಮೇಲೆ ಕೂತಿತು.

"ಇಲ್ಲಿಂದ..." ಎಂದರು. ಖಾತೆಗೆ ಬೀಗ ಬಿದ್ದ ಮೇಲೆ ಅವರ ಮೊದಲ ಮಾತು.

ರವೂಫ್ ಹೊರಟಾಗ ಶುರೂಕ್ ಮೆಟ್ಟಿಲವರೆಗೆ ಬಂದಳು. ತಪ್ಪಾಯಿತು ಎನ್ನಲು ಮೂರು ಸಲ ಬಾಯಿ ತೆರೆದಳು. ಆ ಮಾತು ತೀರ ಚಿಕ್ಕದಾಗಿ ಕಂಡಿತು.

"ಅಷ್ಟು ದಿನ ಆ ನಂಬರ್ ಯಾಕೆ ಉಳಿಸಿಕೊಂಡ್ರಿ?"

"ಬಿಟ್ರೆ ಕಂಪನಿಯವರು ಅದನ್ನ ಬೇರೆ ಯಾರಿಗೋ ಕೊಡ್ತಾರೆ. ನಿನ್ನ ಖಾತೆಯ ಸಂಖ್ಯೆ ಗುರುತಿಲ್ಲದವನ ಜೇಬಿಗೆ ಬರುತ್ತೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿಸ್ತಿದ್ದೆ."

ಅವಳಿಗೆ ಆಗ ಹೊಳೆಯಿತು. ಬೇಕೆಂದಿದ್ದರೆ ಆ ನಂಬರಿಗೆ ಸಂಖ್ಯೆ ತರಿಸಿಕೊಂಡು ಯಾವ ದಿನ ಬೇಕಾದರೂ ಅವನು ಒಳಗೆ ಹೋಗಬಹುದಿತ್ತು. ಎಲ್ಲವನ್ನೂ ಓದಬಹುದಿತ್ತು, ಅಳಿಸಬಹುದಿತ್ತು. ಒಮ್ಮೆಯೂ ಮುಟ್ಟಿರಲಿಲ್ಲ. ಇಂಥವನನ್ನು ತಾನು...

"ಒಂದು ಸಲಾನೂ ನೋಡಬೇಕು ಅನ್ನಿಸಲಿಲ್ವಾ?"

"ದಿನಾ ಅನ್ನಿಸ್ತು. ನೀನು ಕರೆದಿರಲಿಲ್ಲ." ಅವನು ಮೆಟ್ಟಿಲ ಕಡೆ ನೋಡುತ್ತ ಹೇಳಿದ, "ತಪ್ಪು ನಿನ್ನದೊಂದೇ ಅಲ್ಲ, ಶುರೂಕ್. ನಾನಲ್ಲ ಅಂತ ಇನ್ನೊಂದು ಸಲ ಹೇಳಬಹುದಿತ್ತು. ಬಾಗಿಲಲ್ಲಿ ಕೂತು ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಕಂಪನಿಯ ಕಚೇರಿಗೆ ಬಾ, ನಂಬರನ್ನ ನಿನ್ನ ಹೆಸರಿಗೆ ಮಾಡಿಸ್ತೀನಿ. ಇನ್ನು ನನ್ನ ಹತ್ತಿರ ಬರೋ ಗರಜು ನಿನಗಿರಲ್ಲ."

"ಗರಜಿಲ್ಲದೆ ಬಂದ್ರೆ?"

ಅವನು ತಿರುಗಿ ನೋಡಿದ. ಅವಳ ಕಣ್ಣಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಗುರುವಾರ ನಿಮ್ಮಮ್ಮನ್ನ ಕರ್ಕೊಂಡು ಬಾ, ರವೂಫ್."

"ನಮ್ಮಮ್ಮ ನಿನ್ನ ಬೈತಾಳೆ."

"ಬೈಯಲಿ. ಬೈಸ್ಕೊಳ್ಳೋದಿದೆ ನನಗೆ."

"ಶುರು ಮಾಡಿದ್ರೆ ಬೇಗ ನಿಲ್ಲಿಸಲ್ಲ ಅವಳು."

"ಕೂತಿರ್ತೀನಿ. ನೀನು ಪಕ್ಕದಲ್ಲಿ ಇರು, ಸಾಕು."

"ಇರ್ತೀನಿ," ಎಂದ ರವೂಫ್.