ಬಿಲದ ಬಾಯಿಗೊಂದು ಕಮಾನು

“ಅಲ್ಲ, ಆ ಹೆಣ್ಣು ಏಡಿ ಬರೋದು ಗಂಡನ್ನ ನೋಡಿನೋ, ಕಮಾನು ನೋಡಿನೋ?”

ಭದ್ರಾವತಿಯ ಫೌಂಡ್ರಿ ಶೆಡ್ಡಿನಲ್ಲಿ ಒಬ್ಬನೇ ಕೂತು, ಅಚ್ಚಿನಿಂದ ಪ್ಲಾಸ್ಟರಿನ ಪುಟ್ಟ ಕಮಾನೊಂದನ್ನು ಬಿಡಿಸುತ್ತ ಮುರಳಿ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಬಾಗಿಲಲ್ಲಿ ಶಾಂಭವಿ ಬಂದು ನಿಂತದ್ದು ಅವನಿಗೆ ತಿಳಿದಿರಲಿಲ್ಲ.

“ಕಮಾನು ನೋಡಿ,” ಎಂದಳು ಅವಳು.

ಅವನ ಕಿವಿ ಕೆಂಪಗಾಯಿತು. “ಬರೋವಾಗ ಒಂದು ಸಲ ಕೆಮ್ಮಬಾರದಾ ಮೇಡಂ?”

ಶಾಂಭವಿಯ ಸಂಶೋಧನೆ ಕಡಲ ದಂಡೆಯ ಏಡಿಗಳದ್ದು. ಅವಳು ನೋಡುತ್ತಿದ್ದ ಜಾತಿಯಲ್ಲಿ ಗಂಡು ತನ್ನ ಬಿಲದ ಬಾಯಿಗೆ ಮರಳಿನ ಕಮಾನು ಕಟ್ಟುತ್ತದೆ, ಹೆಣ್ಣು ಅದರತ್ತ ಬರುತ್ತದೆ. ಕರೆಯುವುದು ಗಂಡೋ ಕಮಾನೋ ಎಂದು ತಿಳಿಯಲು, ಕಮಾನಿಲ್ಲದ ಬೋಳು ಬಿಲಗಳಿಗೆ ನಕಲಿ ಕಮಾನು ಇಟ್ಟು ನೋಡಬೇಕಿತ್ತು. ಕಬ್ಬಿಣದ ಎರಕಕ್ಕೆ ಅಚ್ಚು ಮಾಡುವ ಮುರಳಿ ಅವನ್ನು ಮಾಡಿಕೊಡುತ್ತಿದ್ದ. ಅಂಚನ್ನು ಅವನು ಹೆಬ್ಬೆರಳಿನಿಂದ ಸವರಿ ನಯ ಮಾಡುವುದನ್ನು ನೋಡುವ ಆಸೆಗೆ, ಬೇಕಾದ್ದಕ್ಕಿಂತ ಹೆಚ್ಚೇ ಕಮಾನುಗಳನ್ನು ಮಾಡಲು ಅವಳು ಹೇಳಿಬಿಟ್ಟಿದ್ದಳು.

“ನಿಮ್ಮ ಕಮಾನಿನ ಕಡೆಗೂ ಓಡಿದವು,” ಎಂದಳು. “ಹಕ್ಕಿ ಎರಗುತ್ತೆ ಅನ್ನೋ ಭಯ. ಬಯಲಲ್ಲಿ ಎದ್ದು ನಿಂತಿದ್ದು ಏನು ಕಂಡ್ರೂ ಆಸರೆ ಅಂತ ಓಡ್ತಾವೆ.”

“ನಾನು ಪ್ರೀತಿ ಅಂದ್ಕೊಂಡಿದ್ದೆ.”

ಕಣ್ಣೆತ್ತಿದ. ರೆಪ್ಪೆಯ ಮೇಲೆ ಬಿಳಿ ಪುಡಿ ಕೂತಿತ್ತು. ನಗಬೇಕೆಂದಿದ್ದವಳಿಗೆ ನಗು ಬರಲಿಲ್ಲ.

“ಅಪ್ಪ ಗಾಂಧಿ ಬಜಾರಿನ ಅಂಗಡೀಲಿ ಕೂತೇ ಒಂದು ಸಂಬಂಧ ಹಿಡಿದಿದಾರೆ. ಹುಡುಗನ ಫೋಟೊ ಒಂದೇ. ಕಟ್ಟಿಸಿದ ಮನೇದು ಮಾತ್ರ ಎಲ್ಲ ದಿಕ್ಕಿಂದ.”

ಅಂಚು ಸವರುತ್ತಿದ್ದ ಅವನ ಹೆಬ್ಬೆರಳು ನಿಂತಿತು. “ದೊಡ್ಡ ಮನೇನಾ?”

“ಲಿಫ್ಟ್ ಇದೆ.”

“ಹೋಗಿ ನೋಡಿ ಬರೋದಲ್ವಾ ಮಾರಾಯ್ತಿ?”

ಮೇಡಂ ಎಂಬುದು ಜಾರಿಹೋದದ್ದು ಇಬ್ಬರಿಗೂ ಕೇಳಿಸಿತು.

“ನಾಳೆ ಹೋಗೋಣ ಅಂದ್ರು. ಭದ್ರಾವತೀಲಿ ಒಬ್ಬರನ್ನ ಒಂದು ಮಾತು ಕೇಳೋದಿದೆ ಅಂದೆ. ಬಸ್ಸು ಮಲವಗೊಪ್ಪ ದಾಟೋವಾಗ ಎದೆ ಹೊಡ್ಕೊಳ್ತು. ಆದ್ರೂ ಇಳೀಲಿಲ್ಲ. ನಾನು ಹೆದರಿ ಓಡಿ ಬಂದವಳಲ್ಲ ಮುರಳಿ, ಯೋಚನೆ ಮಾಡೇ ಬಂದಿದೀನಿ. ನನ್ನ ಮದುವೆ ಆಗ್ತೀರಾ?”

ಕೈಯಲ್ಲಿದ್ದ ಕಮಾನನ್ನು ಅವನು ಪೂಜೆಯ ಲಿಂಗವನ್ನು ಪೀಠದ ಮೇಲಿಡುವಷ್ಟು ಮೆಲ್ಲಗೆ ಕೆಳಗಿಟ್ಟ.

“ಆಗ್ತೀನಿ. ನಾನೇ ಕೇಳ್ಬೇಕು ಅಂತಿದ್ದೆ, ಬಾಯೇ ಬರಲಿಲ್ಲ.” ತಗಡಿನ ಸೂರಿನತ್ತ ನೋಡಿದ. “ಆದ್ರೆ ನಮ್ಮದು ಬಾಡಿಗೆ ಮನೆ. ಸ್ವಂತದ್ದು ಅಂತ ಒಂದು ಕಟ್ಟೋವರೆಗೂ ಕಾಯ್ತೀಯಾ ಶಾಂಭವಿ?”

“ಇಲ್ಲ,” ಎಂದಳು ಶಾಂಭವಿ. “ಕಾಯಲ್ಲ. ಕಮಾನು ನೋಡಿ ಬಂದವಳಲ್ಲ ನಾನು, ಬಾಡಿಗೆ ಮನೆಗೇ ಬರ್ತೀನಿ.”