ಮೂರನೆಯ ಮಹಡಿಯ ಸ್ವಿಚ್ಚು

ಅಕ್ಕನ ಮದುವೆ ಅವಳಿಂದ ಅಲ್ಲಿಯವರೆಗೆ ಕಿತ್ತುಕೊಂಡಿದ್ದು ಇಷ್ಟು: ಮುಂದಿನ ಒಂದು ಹಲ್ಲು, ಎಡಗಿವಿಯ ಅರ್ಧ ಕೇಳುವಿಕೆ, ಹೊಲಿಗೆ ಯಂತ್ರದ ಮುಂದೆ ಕೂತಾಗ ಸಣ್ಣಗೆ ಹಾಡಿಕೊಳ್ಳುವ ಅಭ್ಯಾಸ, ಬಲಗೈಯ ಮಣಿಕಟ್ಟು ನೆಟ್ಟಗೆ ತಿರುಗುವ ಭಾಗ್ಯ. ಬದಲಿಗೆ ಸಿಕ್ಕಿದ್ದು ಎರಡು ಕೋಣೆಯ ಮನೆ. ಅದರ ಬೀಗದ ಕೈಯೂ ಭಾವನ ಜೇಬಿನಲ್ಲೇ ಇರುತ್ತಿತ್ತು.

ತಮ್ಮ ಸುಮ್ಮನೆ ಕೂತಿರಲಿಲ್ಲ. ಒಮ್ಮೆ ಅವಳನ್ನು ತನ್ನ ಮನೆಗೆ ಕರೆತಂದ. ಭಾವ ಬಂದು ಬೀದಿಯವರೆಲ್ಲ ನೋಡುವಂತೆ ಅತ್ತ, ಅವಳ ಕಾಲು ಹಿಡಿದ, ವಾಪಸು ಕರೆದುಕೊಂಡು ಹೋದ. ಮಣಿಕಟ್ಟು ಮುರಿದದ್ದು ಅದಾದ ಮೇಲೆ. ಪೊಲೀಸ್ ಠಾಣೆಗೆ ಹೋದರೆ ಅಲ್ಲಿದ್ದವನು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿ ಕಳಿಸಿದ. ಅಕ್ಕನ ಬೆನ್ನಿಗೆ ನಿಲ್ಲಲು ಇದ್ದವನು ಈ ತಮ್ಮ ಒಬ್ಬನೇ. ಅವನು ಆಗಾಗ ಮನೆಗೆ ಬಂದು ಹೋಗುತ್ತಾನೆ ಎಂಬ ಅಳುಕಿಗೇ ಭಾವ ಕೈಯನ್ನು ಅಷ್ಟಕ್ಕೇ ತಡೆದಿಟ್ಟುಕೊಂಡಿದ್ದ.

ಹೀಗಿರುವಾಗ ಭಾವ ಕುಡಿದು ಬೈಕು ಓಡಿಸಿ ಮೋರಿಗೆ ಬಿದ್ದ. ಎದೆಯ ಮೂಳೆಗಳು ಮುರಿದು ಬಂದು ಸೇರಿದ್ದು ಈ ತಮ್ಮನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ. ಮೂರನೆಯ ಮಹಡಿಯ ತೀವ್ರ ನಿಗಾ ವಾರ್ಡು, ಕಟ್ಟಕಡೆಯ ಹಾಸಿಗೆ. ಗಂಟಲಲ್ಲಿ ಕೊಳವೆ, ಉಸಿರಾಟ ಯಂತ್ರದ್ದು. ಅಕ್ಕ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದಳು. ಒಂದು ಸಂಜೆ ತಮ್ಮ ಅವಳ ಮನೆಗೆ ಹೋದಾಗ ಹೊಲಿಗೆ ಯಂತ್ರದ ಸದ್ದಿನೊಳಗೆ ಇನ್ನೊಂದು ಸದ್ದು ಕೇಳಿಸಿತು. ಅಕ್ಕ ಹಾಡಿಕೊಳ್ಳುತ್ತಿದ್ದಳು. ಅವನು ಬಾಗಿಲು ತಟ್ಟದೆ ಹೊರಗೇ ನಿಂತಿದ್ದು ಬಂದ.

ಮರುದಿನ ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವಳೇ ಹೇಳಿದಳು.

"ನಾಡಿದ್ದು ಕೊಳವೆ ತೆಗೀತಾರಂತೆ ಕಣೋ. ಗಟ್ಟಿ ಜೀವ ಅಂದ್ರು ಡಾಕ್ಟ್ರು. ಆಮೇಲೆ ಮನೆಗೇನೆ."

"ಒಳ್ಳೇದಾಯ್ತಲ್ಲಕ್ಕ."

"ಹೂಂ."

ಆ ಹೂಂ ಎನ್ನುವಾಗ ಅವಳು ತೋಳಿನ ಬಟ್ಟೆಯನ್ನು ಮಣಿಕಟ್ಟು ಮುಚ್ಚುವಂತೆ ಎಳೆದುಕೊಂಡಳು. ಭಾವ ಮನೆಗೆ ಬರಕೂಡದು ಎಂದು ತಮ್ಮ ನಿಶ್ಚಯಿಸಿದ್ದು ಆಗಲೇ.

ಅವನ ಕೆಲಸವೇ ಕಾಯುವುದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಪ್ರತಿ ಮಹಡಿಯ ನೆಟ್‌ವರ್ಕ್ ಸ್ವಿಚ್ಚುಗಳನ್ನು ನೋಡಿಕೊಳ್ಳಬೇಕು. ದೀಪ ಹಾಕುವ ಸ್ವಿಚ್ಚಲ್ಲ ಇದು; ಕಪಾಟಿನೊಳಗೆ ಕೂತ, ಹತ್ತಾರು ತಂತಿ ಚುಚ್ಚಿಸಿಕೊಂಡ ಚಪ್ಪಟೆ ಪೆಟ್ಟಿಗೆ. ರೋಗಿಯ ತಲೆಯ ಬಳಿಯ ಯಂತ್ರ ಅಳೆದ ನಾಡಿ, ಉಸಿರು ಎಲ್ಲ ಇದರ ಮೂಲಕವೇ ಹಾದು ಸಿಸ್ಟರುಗಳ ಮೇಜಿನ ದೊಡ್ಡ ಪರದೆಗೆ ಹೋಗುತ್ತವೆ. ಪೆಟ್ಟಿಗೆಯ ಫ್ಯಾನು ಸೊರಗಿದರೆ ಅವನ ಮುಂದಿನ ಗಣಕದಲ್ಲಿ ಹಳದಿ ಎಚ್ಚರಿಕೆ, ನಿಂತರೆ ಕೆಂಪು. ಹಳದಿ ಮೂಡುತ್ತಲೇ ಅವನು ಬಿಡಿಭಾಗ ಹಿಡಿದು ಮೆಟ್ಟಿಲು ಹತ್ತುವವನು. ಮನೆಗೆ ಹೋಗುವಾಗಲೂ ಪ್ರತಿ ಕಪಾಟಿಗೆ ಕಿವಿ ಕೊಟ್ಟು ಫ್ಯಾನಿನ ಸದ್ದು ಕೇಳಿ ಹೋಗುತ್ತಿದ್ದ. ಅದಕ್ಕೇ ಅವನಿಗೆ ಎಚ್ಚರಪ್ಪ ಎಂದು ಹೆಸರು ಬಿದ್ದಿತ್ತು. ಕೆಂಪು ಕಂಡರೆ ಹೋರಿ ಹಾಯುತ್ತೆ, ನಮ್ಮ ಎಚ್ಚರಪ್ಪ ಹಳದಿ ಕಂಡರೇ ಹಾಯ್ತಾನೆ ಎಂದು ಮೇಲ್ವಿಚಾರಕ ನಗುತ್ತಿದ್ದ.

ಇಂಥವನ ಮೇಲೆ ಯಾರಿಗೆ ಅನುಮಾನ ಬಂದೀತು? ಹಾವು ಸಾಯಬೇಕು, ಕೋಲು ಮುರಿಯಬಾರದು. ಈ ಕೋಲಂತೂ ಕಣ್ಣಿಗೂ ಬೀಳುವಂತಿರಲಿಲ್ಲ. ಉಸಿರಿನ ಕೊಳವೆ ಮಡಿಸಿದರೆ ಹಾಸಿಗೆಯ ಬಳಿಯ ಯಂತ್ರ ಕೂಗುತ್ತದೆ, ನಿಜ. ಆ ಕೂಗನ್ನು ಅಡಗಿಸಲು ಅಲ್ಲೇ ಒಂದು ಗುಂಡಿ ಇದೆ. ಅಡಗಿಸಲಾಗದ್ದು ಸಿಸ್ಟರುಗಳ ಮೇಜಿನ ಪರದೆ ಮಾತ್ರ. ಅದನ್ನು ಕುರುಡು ಮಾಡಲು ಒಂದು ದಣಿದ ಫ್ಯಾನು ಸಾಕು. ಫ್ಯಾನು ನಿಂತರೆ ಪೆಟ್ಟಿಗೆ ಕಾಯುತ್ತದೆ. ಮಿತಿ ಮೀರಿ ಕಾದರೆ ತನ್ನ ಮೈ ಉಳಿಸಿಕೊಳ್ಳಲು ತಾನಾಗಿ ಆರಿಹೋಗುತ್ತದೆ. ಆಮೇಲೆ ಯಾರೇ ಬಂದು ಅದರ ನೆನಪು ಕೆದಕಿದರೂ ಪೆಟ್ಟಿಗೆ ಸತ್ಯವನ್ನೇ ಹೇಳುತ್ತದೆ: ಫ್ಯಾನು ನಿಂತಿತು, ಕಾದೆ, ಆರಿದೆ. ಮನುಷ್ಯನ ಕೈಯ ಮಾತೇ ಬರುವುದಿಲ್ಲ.

ಹಿಂದೆ ತೆಗೆದಿಟ್ಟಿದ್ದ, ಉಬ್ಬಸದ ಮುದುಕನಂತೆ ತೇಕುವ ಫ್ಯಾನೊಂದು ಅವನ ಮೇಜಿನ ಖಾನೆಯಲ್ಲಿತ್ತು. ಮರುದಿನ ಬೆಳಿಗ್ಗೆ ದೂಳು ಒರೆಸುತ್ತೇನೆಂದು ಹೇಳಿ ಮೂರನೆಯ ಮಹಡಿಯ ಕಪಾಟು ತೆರೆದು ಅದನ್ನೇ ಕೂರಿಸಿದ. ಒಳ್ಳೆಯ ಫ್ಯಾನನ್ನು ಚೀಲಕ್ಕೆ ಹಾಕಿಕೊಂಡ. ಪೆಟ್ಟಿಗೆ ಆರಿದ ಮೇಲೆ ಅದನ್ನೇ ಹಾಕಿ ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬಹುದು. ಜೊತೆಗಾರನನ್ನು ಪಕ್ಕದ ಕಟ್ಟಡದ ಪ್ರಿಂಟರು ನೋಡಲು ಕಳಿಸಿದ. ಅಕ್ಕನಿಗೆ ಫೋನು ಮಾಡಿ, ಇವತ್ತು ಬರಬೇಡ, ಮನೆಯಲ್ಲೇ ಸ್ವಲ್ಪ ಮಲಗು ಎಂದ.

ಮಧ್ಯಾಹ್ನ ಹಳದಿ ಮೂಡಿತು. ಅವನ ಕಾಲು ಅಭ್ಯಾಸಬಲದಿಂದ ಎದ್ದೇಬಿಟ್ಟಿತು. ಬಲವಂತವಾಗಿ ಕೂತ. ಸೆಕೆಗೆ ಸಿಕ್ಕ ಮಗುವನ್ನು ನೋಡುತ್ತ ಕೂತ ಹಾಗಿತ್ತು ಅವನಿಗೆ. ಶಾಖದ ಅಂಕಿ ಏರುತ್ತಾ ಹೋಯಿತು. ಕೆಂಪು ಬಂದಾಗ ನೋಡಿದೆನೆಂದು ಗುಂಡಿ ಒತ್ತಿದ, ಚೀಲ ಹೆಗಲಿಗೇರಿಸಿದ, ಹೊರಟ. ಇಲ್ಲಿಯವರೆಗೂ ಎಲ್ಲ ನಿಯಮದ ಪ್ರಕಾರವೇ. ಎಚ್ಚರಿಕೆ ಬಂತು, ಎಚ್ಚರಪ್ಪ ಹೊರಟ, ತಲುಪುವಷ್ಟರಲ್ಲಿ ಪೆಟ್ಟಿಗೆ ಆರಿತ್ತು. ಹೇಳಬೇಕಾದ ಮಾತು ಅಷ್ಟೇ.

ಕಪಾಟಿನ ಪಕ್ಕದಲ್ಲೇ ವಾರ್ಡಿನ ಹಿಂಬಾಗಿಲು. ಒಳಗೆ ಕಾಲಿಟ್ಟರೆ ಮೊದಲು ಸಿಗುವುದೇ ಭಾವನ ಹಾಸಿಗೆ, ಸುತ್ತ ದಪ್ಪ ಬಟ್ಟೆಯ ತೆರೆ. ಸಿಸ್ಟರುಗಳ ಮೇಜು ಆ ತುದಿಗೆ. ಅವನು ಬಂದದ್ದನ್ನು ಯಾರೂ ನೋಡಲಿಲ್ಲ.

ಭಾವ ಮಲಗಿದ್ದ. ಯಾರೋ ಗಡ್ಡ ಬೋಳಿಸಿದ್ದರು. ಕೈ ಹೊದಿಕೆಯ ಮೇಲೆ ಸಾಧುವಾಗಿ ಬಿದ್ದಿತ್ತು. ಆ ಕೈಯನ್ನು ನೋಡಿದಾಗ ತಮ್ಮನಿಗೆ ಉಳಿದಿದ್ದ ಸ್ವಲ್ಪ ಅಳುಕೂ ಹೋಯಿತು.

ಇನ್ನು ಪರದೆ ಆರಿದರೆ ಸಿಸ್ಟರುಗಳು ಏನು ಮಾಡುತ್ತಾರೆ ಎಂಬುದನ್ನೂ ಅವನು ಯೋಚಿಸಿಟ್ಟಿದ್ದ. ಫೋನು ಮಾಡುತ್ತಾರೆ. ಯಾರಿಗೆ? ಅವನಿಗೇ. ಗಣಕ ಸ್ವಲ್ಪ ಮುನಿದರೂ, ಪ್ರಿಂಟರು ಕಾಗದ ನುಂಗಿದರೂ ಅವರು ಮಾಡುತ್ತಿದ್ದದ್ದು ಅದೊಂದೇ. ಅವನು ಫೋನಿನ ಸದ್ದು ಅಡಗಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಅವರು ಮೇಜಿನ ಬಳಿ ನಿಂತು ಮತ್ತೆ ಮತ್ತೆ ಒತ್ತುತ್ತಿರಲಿ, ಅಷ್ಟರಲ್ಲಿ ಇಲ್ಲಿನ ಕೆಲಸ ಮುಗಿಯುತ್ತದೆ. ಲಿಫ್ಟಿನಲ್ಲಿದ್ದೆ ಸಿಸ್ಟರ್, ಗೊತ್ತಾಗಲಿಲ್ಲ ಎಂದರಾಯಿತು.

ಜೇಬು ನಡುಗಿತು. ತೆಗೆದು ನೋಡಿದ. ಫೋನು ಮಾಡಿದ್ದು ಯಾರೂ ಅಲ್ಲ, ಮೂರನೆಯ ಮಹಡಿಯ ಸ್ವಿಚ್ಚು ಸಂಪರ್ಕದಲ್ಲಿಲ್ಲ ಎಂಬ ಸಂದೇಶ. ಪೆಟ್ಟಿಗೆ ಮಾತು ಉಳಿಸಿಕೊಂಡಿತ್ತು.

ಎಡಗೈ ಬೆರಳನ್ನು ಸದ್ದಡಗಿಸುವ ಗುಂಡಿಯ ಮೇಲಿಟ್ಟ. ಬಲಗೈಯಲ್ಲಿ ಕೊಳವೆಯನ್ನು ಮಡಿಸಿ ಹಿಡಿದ. ಭಾವನ ಎದೆ ಏರಬೇಕಾದಲ್ಲಿ ಏರಲಿಲ್ಲ. ಕಣ್ಣರೆಪ್ಪೆ ಅದುರಿತು. ಯಂತ್ರ ಕುಯ್ ಎನ್ನುವಷ್ಟರಲ್ಲಿ ಗುಂಡಿ ಒತ್ತಿದ, ಸುಮ್ಮನಾಯಿತು. ಈಗ ಜೇಬಿನಲ್ಲಿ ಫೋನು ನಡುಗಬೇಕು. ನಡುಗಲಿಲ್ಲ. ಆ ತುದಿಯಲ್ಲಿ ಕುರ್ಚಿಗಳು ಒಟ್ಟಿಗೇ ಹಿಂದೆ ಸರಿದ ಸದ್ದಾಯಿತು. ಆಮೇಲೆ ಚಪ್ಪಲಿಗಳು, ಒಂದೆರಡಲ್ಲ, ಬಿರುಸಾಗಿ, ಒಂದೊಂದೂ ಒಂದೊಂದು ಕಡೆಗೆ. ಯಾರೂ ಕೂಗಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ. ಅವನಿಗೆ ಅರ್ಥವಾಗುವ ಮೊದಲೇ ತೆರೆ ಸರಿಯಿತು. ದೊಡ್ಡ ಸಿಸ್ಟರ್ ನಿಂತಿದ್ದರು, ಯಾರದೋ ಕೈ ಹಿಡಿಯಲು ಬಂದವರಂತೆ ಕೈಯನ್ನು ಮುಂದೆ ಚಾಚಿಕೊಂಡು. ಮಡಿಸಿದ ಕೊಳವೆಯನ್ನು ನೋಡಿದರು, ಅವನ ಮುಖವನ್ನು ನೋಡಿದರು.

"ಕೈ ತೆಗಿ," ಎಂದರು.

ಪರದೆಗಳು ಬರುವುದಕ್ಕೂ ಹಿಂದಿನಿಂದ ಆ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದ ಸಿಸ್ಟರಿಗೆ ಮೊದಲು ಕಲಿಸುವುದೇ ಅದನ್ನು. ಕರೆಂಟು ಹೋಗಿಯೋ ಯಂತ್ರ ಕೆಟ್ಟೋ ರೋಗಿಯ ನಾಡಿ ಕಾಣದೆ ಹೋದರೆ ಫೋನು ಮುಟ್ಟಬಾರದು, ಎಲ್ಲರೂ ಎದ್ದು ಹಾಸಿಗೆಗೊಬ್ಬರಂತೆ ಹೋಗಿ ರೋಗಿಯ ಮಣಿಕಟ್ಟು ಹಿಡಿದು ನಿಲ್ಲಬೇಕು. ಉಸಿರಾಟ ಯಂತ್ರದಲ್ಲಿರುವ ರೋಗಿ ದೊಡ್ಡ ಸಿಸ್ಟರಿನ ಪಾಲು. ತಮ್ಮ ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಅವನು ಕೆಲಸಕ್ಕೆ ಸೇರಿದ ಮೇಲೆ ಆ ಪರದೆ ಒಂದು ಸಲವೂ ಆರಿರಲಿಲ್ಲ; ಆರಲು ಅವನು ಬಿಟ್ಟಿರಲಿಲ್ಲ. ಭಾವ ಬದುಕಿಕೊಂಡ, ಕೊಳವೆ ತೆಗೆಸಿಕೊಂಡು ಮನೆಗೆ ಹೋದ. ತಮ್ಮ ಜೈಲಿಗೆ ಹೋದ. ಅಕ್ಕ ಆ ಮನೆಯಲ್ಲೇ ಇದ್ದಾಳೆ. ಬಂದು ಬಾಗಿಲು ತಟ್ಟುವವರು ಈಗ ಯಾರೂ ಇಲ್ಲ.